ಬೇಳೆ ಬೇಯುವ ನೀರು

ನಂದಗುಡಿಯಲ್ಲಿ ಹೊಸಕೋಟೆ ಬಸ್ಸು ಹತ್ತಿ, ಕಾಲುಗಳ ನಡುವೆ ಮೂರು ಬಾಟಲಿ ನಿಲ್ಲಿಸಿಕೊಂಡು ಕೂತರೆ ಪಕ್ಕದವರಿಗೆ ನೆಮ್ಮದಿ ಇರುವುದಿಲ್ಲ. ನನ್ನ ಪಕ್ಕದ ತಾತ ಒಂದೆರಡು ಸ್ಟಾಪು ತಡೆದುಕೊಂಡರು. ಆಮೇಲೆ ಬಗ್ಗಿ, ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಕಣ್ಣು ಕಿರಿದು ಮಾಡಿ ನೋಡಿ, “ಏನಪ್ಪಾ ಇದು, ಔಷಧೀನಾ?” ಅಂದರು.

“ನೀರು ತಾತ. ಟೆಸ್ಟಿಗೆ ಕೊಡೋಣ ಅಂತ.”

“ಬೋರ್ ಹಾಕ್ಸಿ ಆಗೈತಾ?”

“ಎರಡು ವರ್ಷ ಆಯ್ತು.”

“ನೀರು ಬಂದೈತಾ?”

“ಬಂದೈತೆ.”

“ಮತ್ತಿನ್ನೇನ್ ಟೆಸ್ಟು? ಮದ್ವೆ ಆಗಿ ಎರಡು ಮಕ್ಳಾದ್ಮೇಲೆ ಜಾತಕ ತೋರ್ಸಿದಂಗಾಯ್ತು” ಎಂದವರೇ ಕಿಟಕಿಯ ಕಡೆ ತಿರುಗಿಬಿಟ್ಟರು.

ತಾತನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ನಮ್ಮ ಸೀಮೆಯಲ್ಲಿ ನೀರಿನ ಪರೀಕ್ಷೆ ಎಂದರೆ ಇದೆಯೋ ಇಲ್ಲವೋ ಎಂಬ ಪರೀಕ್ಷೆ. ಅದಕ್ಕೆ ನಾವು ಕೊಡುವ ಮರ್ಯಾದೆ ಮದುವೆಗೂ ಕೊಡುವುದಿಲ್ಲ. ಮೊದಲು ಪಾಯಿಂಟ್ ಮಾಡುವವರು ಬರಬೇಕು. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಗಂಗೆ. ಇನ್ನೊಬ್ಬರದು ಕವಲುಕಡ್ಡಿ. ಮಗ ಇಂಜಿನಿಯರಿಂಗ್ ಓದಿದ್ದರೆ ಪಟ್ಟಣದಿಂದ ಮಿಷಿನ್ ತರಿಸುತ್ತಾನೆ. ಮೂವರೂ ಮೂರು ಜಾಗ ತೋರಿಸಿ, ಕೊನೆಗೆ ಲಾರಿ ಹೋಗುವುದಕ್ಕೆ ದಾರಿ ಇರುವ ನಾಲ್ಕನೇ ಜಾಗದಲ್ಲಿ ಕೊರೆಯುವುದು. ಲಾರಿ ಬರುವುದು ತಮಿಳುನಾಡಿನ ತಿರುಚೆಂಗೋಡಿನಿಂದ. ಆ ಊರಿನವರು ಇಡೀ ದಕ್ಷಿಣ ಭಾರತದ ನೆಲವನ್ನು ತೂತು ಮಾಡಿದ್ದಾರೆ ಅಂದರೆ ಅದು ಬೈಗುಳವಲ್ಲ, ಅವರ ಕಸುಬು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ರಾತ್ರಿಯೆಲ್ಲ ಬಿಳಿ ಧೂಳು ಕುಡಿಯುತ್ತಾ ಊರಿಗೆ ಊರೇ ನಿಂತಿರುತ್ತದೆ. ಎಂಟುನೂರು ಅಡಿ, ಸಾವಿರ ಅಡಿ. ಸಾಲ ಕೊಟ್ಟವನೂ ಬಂದು ನಿಂತಿರುತ್ತಾನೆ, ಅವನಿಗೂ ಆತಂಕ. ಧೂಳು ಒದ್ದೆಯಾಯಿತು ಎಂದ ಕೂಡಲೇ ಒಂದು ಕೂಗು. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ: ಎಷ್ಟು ಇಂಚು? ಒಂದೂವರೆ ಇಂಚು ಬಿದ್ದರೆ ಹಬ್ಬ. ಎರಡೂವರೆ ಬಿದ್ದರೆ ಆ ಮನೆಗೆ ಹೆಣ್ಣು ಕೊಡುವವರು ಬರುತ್ತಾರೆ.

ಎಂಥ ನೀರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳುವ ಸ್ಥಿತಿಯೂ ಅಲ್ಲ ಬಿಡಿ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಹೊಸಕೋಟೆ ತಾಲೂಕು ‘ಅತಿಬಳಕೆ’ಯ ಪಟ್ಟಿಯಲ್ಲಿದೆ. ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ನಾವು ಎತ್ತುವುದೇ ಹೆಚ್ಚು. ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲಗಳದೂ ಅದೇ ಪಾಡು, ಜಿಲ್ಲೆಗೆ ಜಿಲ್ಲೆಯೇ ಸಾಲದಲ್ಲಿದೆ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಕಡೆಯಿಂದ ಇಳಿದು ನಮ್ಮ ತಾಲೂಕನ್ನು ಹಾದು ತಮಿಳುನಾಡಿಗೆ ಹೋಗುತ್ತದೆ ಎಂದು ಪಾಠದಲ್ಲಿ ಓದಿದ್ದೆವು. ಹೋಗುವುದನ್ನು ಕಣ್ಣಾರೆ ನೋಡಿದ್ದು ಕೆಲವೇ ವರ್ಷ. ಅನ್ನವೇ ಇಲ್ಲದವನಿಗೆ ಅಕ್ಕಿ ಯಾವುದು ಎಂದು ಕೇಳುವ ಚಪಲ ಇರುವುದಿಲ್ಲ.

ನನಗೂ ಇರಲಿಲ್ಲ. ಬಾಟಲಿ ಹಿಡಿಸಿದ್ದು ನಮ್ಮ ಚಿಕ್ಕಮ್ಮ.

ಚಿಕ್ಕಪ್ಪನ ತೋಟದಲ್ಲಿ ಎರಡು ನೀರು. ಒಂದು, ಅವರಪ್ಪನ ಕಾಲದ ತೆರೆದ ಬಾವಿ. ಕಪಿಲೆ ಹೊಡೆದು ರಾಗಿ ಪೈರಿಗೂ ಹಿಪ್ಪುನೇರಳೆಗೂ ನೀರು ಕಟ್ಟಿದ ಬಾವಿ. ಇಪ್ಪತ್ತು ವರ್ಷ ಒಣಗಿ, ತಿಪ್ಪೆಗೆ ಜಾಗವಾಗಿ, 2021ರ ನವೆಂಬರಿನ ಮಳೆಗೆ ನಮ್ಮ ಕಡೆಯ ಕೆರೆಗಳೆಲ್ಲ ಕೋಡಿ ಬಿದ್ದಾಗ ಸತ್ತವರು ಎದ್ದು ಬಂದ ಹಾಗೆ ತುಂಬಿಕೊಂಡಿತು. ಇನ್ನೊಂದು, ಸಾವಿರ ಅಡಿ ದಾಟಿದ ಹೊಸ ಬೋರು. ಚಿಕ್ಕಮ್ಮ ಎರಡನ್ನೂ ಪರೀಕ್ಷೆ ಮಾಡಿ ತೀರ್ಪು ಕೊಟ್ಟಾಗಿತ್ತು. ಅವರದು ಮೂರು ಪರೀಕ್ಷೆ. ತೊಗರಿಬೇಳೆ ಎಷ್ಟು ವಿಷಲ್‌ಗೆ ಬೇಯುತ್ತದೆ, ಸೋಪು ನೊರೆ ಬರುತ್ತದೋ ಮೊಸರಿನ ಹಾಗೆ ಒಡೆಯುತ್ತದೋ, ಹಂಡೆಯ ತಳದಲ್ಲಿ ಸುಣ್ಣ ಕಟ್ಟುತ್ತದೋ ಇಲ್ಲವೋ. ಬಾವಿ ನೀರು ಮೂರರಲ್ಲೂ ಫೇಲು. ಬೋರಿನ ನೀರು ಮೂರರಲ್ಲೂ ಪಾಸು. “ಮೆದು ನೀರು ಕಣೋ, ಬೆಣ್ಣೆ ಬೆಣ್ಣೆ. ಬೇಳೆ ಎರಡೇ ಕೂಗಿಗೆ ಕರಗೋಯ್ತದೆ” ಎಂದು ಅವರು ಹೇಳುವಾಗ ಸೊಸೆಯನ್ನು ಹೊಗಳುವ ದನಿ.

ಈ ಮನೆ ಪರೀಕ್ಷೆಗಳನ್ನು ನೋಡಿ ನಗಬೇಡಿ. ಅವು ಹೇಳುವುದು ನಿಜ. ಗಡಸು ನೀರು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ನೀರು. ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಸಿ ಮಾಡುತ್ತದೆ. ಬೇಳೆಯ ಕಣಗಳನ್ನು ಅಂಟಿಸಿಕೊಂಡಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಅದಕ್ಕೇ ಬೇಳೆ ಗುಂಡು ಗುಂಡಾಗಿ ಉಳಿಯುವುದು. ನಮ್ಮ ಅಜ್ಜಿಯರು ಇದಕ್ಕೆ ಚಿಟಿಕೆ ಅಡುಗೆಸೋಡ ಹಾಕುತ್ತಿದ್ದರು. ಸೋಡದಲ್ಲಿನ ಕ್ಷಾರ ಪೆಕ್ಟಿನ್ನಿನ ಹಿಡಿತ ಸಡಿಲಿಸುತ್ತದೆ, ಅದರ ಸೋಡಿಯಂ ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗುತ್ತದೆ, ಬೇಳೆ ಕರಗುತ್ತದೆ.

ಇಲ್ಲಿ ಕತೆ ತಿರುಗುತ್ತದೆ. ಚಿಕ್ಕಮ್ಮನ ಬೇಳೆ ಚೆನ್ನಾಗಿ ಬೇಯುತ್ತಿದ್ದ ಅದೇ ಎರಡು ವರ್ಷದಲ್ಲಿ ಚಿಕ್ಕಪ್ಪನ ಹೊಲ ಕೆಡುತ್ತಾ ಬಂದಿತ್ತು. ಕಟ್ಟಿದ ನೀರು ಇಂಗುವುದಿಲ್ಲ, ಮೇಲೆಯೇ ನಿಂತು ಪಾಚಿ ಕಟ್ಟುತ್ತದೆ. ಒಣಗಿದರೆ ಮಣ್ಣು ಹಪ್ಪಳದ ಹಾಗೆ ಚಕ್ಕೆ ಏಳುತ್ತದೆ. ಹುರುಳಿಕಾಯಿ ಗಿಡದ ಎಲೆ ಅಂಚು ಸುಟ್ಟುಕೊಂಡಿದೆ. ಚಿಕ್ಕಪ್ಪ ಇದನ್ನು ಮೊದಲು ಗೊಬ್ಬರದ ಮೇಲೆ ಹಾಕಿದರು, ಆಮೇಲೆ ಬೀಜದಂಗಡಿಯವನ ಮೇಲೆ, ಆಮೇಲೆ ಪಕ್ಕದ ಹೊಲದ ನೀಲಗಿರಿಯ ಮೇಲೆ. (ನೀಲಗಿರಿ ಮೇಲೆ ಏನು ಹಾಕಿದರೂ ನಮ್ಮ ಕಡೆ ನಡೆಯುತ್ತದೆ. 2017ರಲ್ಲಿ ಸರ್ಕಾರವೇ ಅದನ್ನು ನೆಡಬಾರದು ಎಂದ ಮೇಲಂತೂ ಅದು ಅಧಿಕೃತ ಅಪರಾಧಿ.) ಬೇಳೆಯನ್ನೂ ಹೊಲವನ್ನೂ ಒಟ್ಟಿಗೆ ಇಟ್ಟು ನೋಡುವುದು ಯಾರಿಗೂ ಹೊಳೆಯಲಿಲ್ಲ. ಅಡುಗೆಮನೆ ಚಿಕ್ಕಮ್ಮನ ಖಾತೆ, ಹೊಲ ಚಿಕ್ಕಪ್ಪನ ಖಾತೆ.

ಆಳದ ನೀರು ಬಂಡೆಯ ಸಂದಿಯಲ್ಲಿ ಎಷ್ಟೋ ಕಾಲ ಕೂತಿದ್ದು ಬಂದಿರುತ್ತದೆ. ಕೂತಲ್ಲಿ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೋಡಿಯಂ ತುಂಬಿಕೊಂಡಿರುತ್ತದೆ, ಜೊತೆಗೆ ಬೈಕಾರ್ಬೊನೇಟು. ಎರಡೂ ಸೇರಿದರೆ ಏನು? ಅಡುಗೆಸೋಡ. ಅಂದರೆ ಅಜ್ಜಿ ಚಿಟಿಕೆಯಲ್ಲಿ ಹಾಕುತ್ತಿದ್ದುದನ್ನು ಬೋರು ತಾನೇ ಹಾಕಿಕೊಂಡು ಬರುತ್ತಿದೆ. ಬೇಳೆಗೆ ಆಗಿದ್ದೇ ಮಣ್ಣಿಗೂ ಆಗುತ್ತದೆ. ಜೇಡಿಯ ಕಣಗಳನ್ನು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಕೂತರೆ ಮಣ್ಣು ಸಾರಿನ ಹಾಗೆ ಕರಗಿ, ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಹೊಲ ಬೆಂದುಹೋಗುತ್ತದೆ. ಸವಳು ಭೂಮಿ ಎನ್ನುವುದು ಇದನ್ನೇ. ಹಿಂದೆ ಮಡಿವಾಳರು ಬಟ್ಟೆ ಒಗೆಯುವುದಕ್ಕೆ ಕೆರೆಯಂಚಿನಿಂದ ಸವಳು ಮಣ್ಣು ತರುತ್ತಿದ್ದರಲ್ಲ, ಅದರಲ್ಲಿ ಇದ್ದುದೂ ಸೋಡವೇ. ಸೋಪಿಗೆ ಒಳ್ಳೆಯದಾದ ನೀರು, ಸೋಪಾಗಿದ್ದ ಮಣ್ಣು, ಎರಡೂ ಒಂದೇ ವಂಶ. ಬಾವಿಯ ಗಡಸು ನೀರನ್ನು ಚಿಕ್ಕಮ್ಮ ಬೈದರೂ ಹೊಲ ಅದನ್ನು ಮೆಚ್ಚುತ್ತಿತ್ತು. ಅದರ ಕ್ಯಾಲ್ಸಿಯಂ ಮಣ್ಣನ್ನು ಸಡಿಲವಾಗಿ ಇಟ್ಟಿತ್ತು. ಡ್ರಿಪ್ ಹಾಕಿದವರು ಮಾತ್ರ ಇದಕ್ಕೆ ತಕರಾರು ತೆಗೆಯುತ್ತಾರೆ. ಗಡಸು ನೀರು ಡ್ರಿಪ್ಪಿನ ಸಣ್ಣ ಕಣ್ಣುಗಳಲ್ಲಿ ಸುಣ್ಣ ಕಟ್ಟಿ ಕೂರುತ್ತದೆ, ಆಸಿಡ್ ಬಿಟ್ಟು ತೊಳೆಯಬೇಕು. ಒಂದೇ ನೀರನ್ನು ಒಳ್ಳೆಯದು ಕೆಟ್ಟದ್ದು ಎನ್ನುವ ಮೊದಲು ಯಾರಿಗೆ ಎಂದು ಕೇಳಬೇಕಾಗುತ್ತದೆ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಬಸ್ಸಿನಲ್ಲಿ ಕೂತಾಗ ಗೊತ್ತಿದ್ದದ್ದು ಬಾಟಲಿ ಮೂರು ಇವೆ ಎನ್ನುವುದಷ್ಟೇ. ಅದರಲ್ಲೂ ಮೊದಲ ಸಲದ ಪ್ರಯತ್ನ ಮಣ್ಣುಪಾಲಾಗಿತ್ತು. ಫೋನಿನಲ್ಲಿ “ಚಿಕ್ಕಪ್ಪ, ಒಂದು ಬಾಟ್ಲಿ ನೀರು ಹಿಡಿದಿಡಿ” ಅಂದಿದ್ದೆ. ಹಿಡಿದಿಟ್ಟಿದ್ದರು, ಕ್ವಾರ್ಟರ್ ಬಾಟಲಿಯಲ್ಲಿ. ಪ್ರಯೋಗಾಲಯದ ಹುಡುಗ ಮುಚ್ಚಳ ತೆಗೆದು ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿ, “ಸಾರ್, ಇದರಲ್ಲಿ ಏನು ನೋಡಬೇಕು?” ಎಂದು ವಿನಯವಾಗಿ ಕೇಳಿದ. ಆಮೇಲೆ ಅವನೇ ಕೂರಿಸಿ ಹೇಳಿಕೊಟ್ಟ. ಗಾಜು ಬೇಡ, ಫ್ಲೋರೈಡು ಗಾಜಿನ ಜೊತೆ ಹೊಂದುವುದಿಲ್ಲ, ಪ್ಲಾಸ್ಟಿಕ್ ತನ್ನಿ. ಮೋಟಾರು ಹಾಕಿ ಹತ್ತು ಹದಿನೈದು ನಿಮಿಷ ಸುಮ್ಮನೆ ಹರಿಯಲು ಬಿಡಿ, ಇಲ್ಲದಿದ್ದರೆ ಪರೀಕ್ಷೆ ಆಗುವುದು ಭೂಮಿಯ ನೀರಲ್ಲ, ಪೈಪಿನ ನೀರು. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಜಾಲಿಸಿ, ಗಾಳಿಗೆ ಜಾಗ ಬಿಡದೆ ಕತ್ತಿನವರೆಗೆ ತುಂಬಿ. ಸರ್ವೆ ನಂಬರು, ಆಳ, ತಾರೀಕು, ಇಡುವ ಬೆಳೆ ಬರೆದು ಅಂಟಿಸಿ. ಕ್ರಿಮಿಯ ಪರೀಕ್ಷೆ ಬೇಕಾದರೆ ಬೇಯಿಸಿದ ಬಾಟಲಿ ನಾವೇ ಕೊಡುತ್ತೇವೆ, ಐಸಿನಲ್ಲಿಟ್ಟು ಅದೇ ದಿನ ತನ್ನಿ. ಕುಡಿಯುವುದಕ್ಕೋ ಬೆಳೆಗೋ ಎಂದು ಮೊದಲೇ ಹೇಳಿ, ಎರಡರ ಪರೀಕ್ಷೆಯೂ ಬೇರೆ ಬೇರೆ.

ಬಸ್ಸಿನ ತಾತನ ಜಾತಕದ ಮಾತು ನೆನಪಾಗುತ್ತದೆ. ಜಾತಕಕ್ಕಾದರೂ ಇಷ್ಟು ವಿವರ ಕೇಳುವುದಿಲ್ಲ.

ಊರಿನಲ್ಲಿ ಇನ್ನೊಂದು ಪರೀಕ್ಷೆಯೂ ಓಡಾಡುತ್ತಿದೆ, ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ನೀರು ಶುದ್ಧ ಮಾಡುವ ಯಂತ್ರ ಮಾರುವವನು ಬರುತ್ತಾನೆ. ಎರಡು ಲೋಟ ಕೇಳುತ್ತಾನೆ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವನ ನೀರು. ಎರಡಕ್ಕೂ ಕಡ್ಡಿ ಇಳಿಬಿಟ್ಟು ಸ್ವಿಚ್ ಹಾಕುತ್ತಾನೆ. ನಿಮ್ಮದು ಎರಡೇ ನಿಮಿಷಕ್ಕೆ ಚರಂಡಿಯ ಬಣ್ಣಕ್ಕೆ ತಿರುಗುತ್ತದೆ. ಅವನದು ಹಾಗೆಯೇ ಗಂಗಾಜಲ. ಚಿಕ್ಕಮ್ಮ ಇದನ್ನು ನೋಡಿ ಎರಡು ದಿನ ಊಟ ಸೇರದೆ ಕೂತಿದ್ದರು. ಅಸಲಿಗೆ ಆ ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಖನಿಜ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಅವನ ನೀರಿನಲ್ಲಿ ಖನಿಜವೇ ಇಲ್ಲ, ಕರೆಂಟು ಹರಿಯುವುದಿಲ್ಲ, ಕಡ್ಡಿ ಸುಖವಾಗಿರುತ್ತದೆ. ಎಳನೀರಿಗೆ ಇಳಿಬಿಟ್ಟರೆ ಎಳನೀರೂ ಫೇಲಾಗುತ್ತದೆ. ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಟಿಡಿಎಸ್ ಪೆನ್ನು ಇದಕ್ಕಿಂತ ಎಷ್ಟೋ ಸಭ್ಯ. ಒಂದು ಲೀಟರಿನಲ್ಲಿ ಕರಗಿರುವ ಒಟ್ಟು ಲವಣ ಎಷ್ಟು ಮಿಲಿಗ್ರಾಂ ಎಂದು ಅಂದಾಜು ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಅದು 500ರ ಒಳಗಿದ್ದರೆ ಚೆನ್ನ, ಬೇರೆ ನೀರಿಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಆದರೆ ಒಟ್ಟು ಎಂಬ ಮಾತೇ ಮೋಸ. ಸಂತೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಬಹುದು, ಅವರಲ್ಲಿ ಕಳ್ಳ ಯಾರು ಎಂದು ಎಣಿಕೆಯಿಂದ ಗೊತ್ತಾಗುವುದಿಲ್ಲ.

ನಮ್ಮ ನೀರಿನ ಕಳ್ಳ ಫ್ಲೋರೈಡು. ಅದೇ ಐಎಸ್ 10500 ಇದಕ್ಕೆ ಕೊಟ್ಟ ಗಡಿ ಲೀಟರಿಗೆ 1 ಮಿಲಿಗ್ರಾಂ, ಗತಿಯಿಲ್ಲದಿದ್ದರೆ 1.5. ಆರುನೂರು ಟಿಡಿಎಸ್‌ನಲ್ಲಿ ಒಂದೆರಡು ಮಿಲಿಗ್ರಾಂ ಫ್ಲೋರೈಡು ಪೆನ್ನಿಗೆ ಎಲ್ಲಿ ಕಾಣಬೇಕು? ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಗೀರು ಬಂದಾಗ ಕಾಣುತ್ತದೆ, ಹೆಚ್ಚು ವರ್ಷ ಹೆಚ್ಚು ಕುಡಿದರೆ ಬೆನ್ನು, ಮಂಡಿ ಬಗ್ಗದೆ ಬಿಗಿದಾಗ ಕಾಣುತ್ತದೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ. ನಮ್ಮ ಪಕ್ಕದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಇದು ಹಳೆಯ ಪರಿಚಯ. ತಪ್ಪು ಯಾರದೂ ಅಲ್ಲ, ಕಾಲಡಿಯ ಬಂಡೆಯದು. ಗ್ರಾನೈಟು, ನೈಸ್ ಬಂಡೆಗಳ ಕರಿ ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡು ಇರುತ್ತದೆ, ನೀರು ಹೆಚ್ಚು ಕಾಲ ಕೂತಷ್ಟೂ ಹೆಚ್ಚು ಬಿಡುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಇದಲ್ಲ. ಕ್ಯಾಲ್ಸಿಯಂ ಇರುವ ಕಡೆ ಫ್ಲೋರೈಡು ಹೆಚ್ಚು ನಿಲ್ಲಲಾರದು. ಎರಡೂ ಕೂಡಿ ಗಟ್ಟಿಯಾಗಿ ತಳ ಸೇರುತ್ತವೆ. ಕ್ಯಾಲ್ಸಿಯಂ ಕಡಿಮೆಯಾದ, ಸೋಡ ತುಂಬಿದ ನೀರಿನಲ್ಲೇ ಅದು ನೆಮ್ಮದಿಯಾಗಿ ಕರಗಿಕೊಂಡಿರುತ್ತದೆ. ಅಂದರೆ ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆ ಬರುವ, ಹಂಡೆಗೆ ಸುಣ್ಣ ಕಟ್ಟದ ನೀರೇ ಅದಕ್ಕೆ ತವರುಮನೆ. ಚಿಕ್ಕಮ್ಮನ ಮೂರು ಪರೀಕ್ಷೆಯೂ ಮೂರು ಸಲ ಸರಿಯಾಗಿ ಕಳ್ಳನನ್ನೇ ಮನೆ ಕಾಯಲು ಆರಿಸಿದ್ದವು. ಮೆದು ನೀರೆಲ್ಲ ಹೀಗೆ ಎಂದಲ್ಲ. ಮಳೆನೀರಿಗಿಂತ ಮೆದು ಯಾವುದಿದೆ? ಸಾವಿರ ಅಡಿಯಿಂದ ಬಂದ ನೀರು ಬೆಣ್ಣೆಯ ಹಾಗಿದ್ದರೆ ಮಾತ್ರ ಒಂದು ಸಲ ಅನುಮಾನ ಪಡಬೇಕು.

ವರದಿ ಬಂತು. ಬೋರಿನ ಫ್ಲೋರೈಡು ಒಂದೂವರೆಯ ಗೆರೆ ದಾಟಿತ್ತು. ಸರಿ, ಹಾಗಾದರೆ ಬಾವಿಯ ನೀರೇ ಕುಡಿಯೋಣ ಎನ್ನುವಂತಿಲ್ಲ, ಅದರಲ್ಲಿ ನೈಟ್ರೇಟು. ಗಡಿ ಲೀಟರಿಗೆ 45 ಮಿಲಿಗ್ರಾಂ, ಇದಕ್ಕೆ ವಿನಾಯಿತಿ ಎಂಬುದೇ ಇಲ್ಲ. ಬಾವಿ ಅದನ್ನೂ ದಾಟಿತ್ತು. ಇಪ್ಪತ್ತು ವರ್ಷದ ತಿಪ್ಪೆ, ಪಕ್ಕದ ಕೊಟ್ಟಿಗೆ, ಸುತ್ತಲಿನ ಹೊಲಗಳ ಯೂರಿಯಾ, ಹೊಸ ಮನೆಗಳ ಪಾಯಿಖಾನೆ ಗುಂಡಿ ಎಲ್ಲವೂ ಮಳೆಯ ಜೊತೆ ಇಳಿದು ಅಲ್ಲಿ ಸೇರಿತ್ತು. ದೊಡ್ಡವರಿಗಿಂತ ಎಳೆಗೂಸಿಗೆ ಇದು ಅಪಾಯ. ಪುಡಿ ಹಾಲು ಕಲಸಿದರೆ ರಕ್ತ ಆಮ್ಲಜನಕ ಹೊರಲಾರದೆ ಮಗು ನೀಲಿಗಟ್ಟುವುದುಂಟು. “ಕಾಯ್ಸಿ ಆರ್ಸಿ ಕೊಟ್ರೆ?” ಎಂದರು ಚಿಕ್ಕಮ್ಮ. ಕಾಯಿಸಿದರೆ ಸಾಯುವುದು ಕ್ರಿಮಿ. ಫ್ಲೋರೈಡಿಗೂ ನೈಟ್ರೇಟಿಗೂ ಕುದಿ ತಾಗುವುದಿಲ್ಲ. ನೀರು ಆವಿಯಾಗಿ ಅವು ಇನ್ನೂ ಗಟ್ಟಿಯಾಗುತ್ತವೆ.

ಚಿಕ್ಕಪ್ಪನಿಗೆ ನಾನು ಬೇರೆ ಲೆಕ್ಕ ಹೇಳಿದೆ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಇರುವ ನೀರನ್ನು ಒಂದು ಬೆಳೆಗೆ, ಒಂದು ಎಕರೆಗೆ, ಒಟ್ಟು ಇಪ್ಪತ್ತು ಇಂಚು ಕಟ್ಟಿದರೆ ಹೊಲಕ್ಕೆ ಹೋಗುವ ಸಾರಜನಕ ಸುಮಾರು 20 ಕೆ.ಜಿ. ಅಂದರೆ 45 ಕೆ.ಜಿ.ಯ ಒಂದು ಚೀಲ ಯೂರಿಯಾ ಹತ್ತಿರ ಹತ್ತಿರ. ಕೂಸಿಗೆ ಕೊಡಬಾರದ ನೀರು ರಾಗಿಗೆ ಗೊಬ್ಬರ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಇಷ್ಟ್ ವರ್ಷ ನಾನು ಎರಡೆರಡು ಸಲ ಗೊಬ್ರ ಹಾಕಿದೀನಾ?” ಎಂದರು. ಚೀಲದ ಬೆಲೆ ಅವರ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಂಡಿತು.

ಬೋರಿನ ನೀರಿಗೆ ಬೆಳೆಯ ವರದಿಯಲ್ಲಿ ‘ಸಿ-3 ಎಸ್-1’ ಎಂದಿತ್ತು. “ಇದೇನ್ಲಾ, ರೈಲು ಸೀಟಾ?” ಅಂದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿವರ್‌ಸೈಡ್ ಎಂಬ ಊರಿನ ಲವಣ ಪ್ರಯೋಗಾಲಯದವರು 1954ರಲ್ಲಿ ಮಾಡಿಕೊಟ್ಟ ದರ್ಜೆ ಅದು. ಸಿ ಎಂದರೆ ಒಟ್ಟು ಉಪ್ಪು, ಎಸ್ ಎಂದರೆ ಸೋಡಿಯಂ. ಒಂದರಿಂದ ನಾಲ್ಕು, ಅಂಕಿ ಏರಿದಷ್ಟೂ ಕಷ್ಟ. ಎಸ್-1 ನೋಡಿ ಸಂತೋಷಪಡುವ ಹಾಗಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಆರ್‌ಎಸ್‌ಸಿ ಎಂಬ ಇನ್ನೊಂದು ಸಾಲಿತ್ತು. ಕ್ಯಾಲ್ಸಿಯಂ ಮೆಗ್ನೀಸಿಯಂಗಳ ಪಾಲು ತೀರಿದ ಮೇಲೂ ಉಳಿಯುವ ಸೋಡದ ಲೆಕ್ಕ. ಅದು 1.25ರ ಒಳಗಿದ್ದರೆ ನಿಶ್ಚಿಂತೆ, 2.5 ದಾಟಿದರೆ ಹೊಲ ಬೇಯುತ್ತದೆ. ಅದನ್ನು ಓದುವ ತನಕ ಹಪ್ಪಳ ಏಳುತ್ತಿದ್ದ ಮಣ್ಣಿಗೆ ಕಾರಣ ಸಿಕ್ಕಿರಲಿಲ್ಲ. ಇದಕ್ಕೆ ಮದ್ದು ಜಿಪ್ಸಂ, ಅಂದರೆ ಕಳೆದುಹೋದ ಕ್ಯಾಲ್ಸಿಯಂ ಅನ್ನು ಚೀಲದಲ್ಲಿ ಕೊಂಡು ತರುವುದು. ಎಷ್ಟು ಹಾಕಬೇಕೆನ್ನುವುದಕ್ಕೆ ಮಣ್ಣಿನ ಪರೀಕ್ಷೆಯೂ ಬೇಕು. ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿಯಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಇದೆ, ಕೇಳುವುದಕ್ಕೆ ಜಾಗಗಳಿಲ್ಲ ಎನ್ನುವಂತಿಲ್ಲ. ಸದ್ಯಕ್ಕೆ ಎರಡು ನೀರನ್ನೂ ಬೆರೆಸಿ ಕಟ್ಟುವುದೆಂದು ತೀರ್ಮಾನವಾಯಿತು. ಬಾವಿಯ ಗಡಸು ಬೋರಿನ ಸೋಡವನ್ನು ತಕ್ಕಮಟ್ಟಿಗೆ ಹದಕ್ಕೆ ತರುತ್ತದೆ. ಗಂಡ ಹೆಂಡಿರ ಜಗಳದ ಹಾಗೆ.

ಕುಡಿಯುವ ನೀರಿಗೆ ಊರಿನ ಶುದ್ಧ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ಹಿಡಿಯುವುದು. ಅದು ಫ್ಲೋರೈಡನ್ನೂ ನೈಟ್ರೇಟನ್ನೂ ತೆಗೆಯುತ್ತದೆ, ಒಳಗಿನ ಸೋಸುವ ಪೊರೆ ಸರಿಯಾಗಿರುವ ತನಕ. ಆದರೆ ಜನ ಕ್ಯಾನಿನ ನೀರನ್ನು ಕುಡಿಯುವುದಕ್ಕಷ್ಟೇ ಇಟ್ಟು ಮುದ್ದೆಗೆ, ಸಾರಿಗೆ ಬೋರಿನ ನೀರನ್ನೇ ಇಡುತ್ತಾರೆ. ಮುದ್ದೆಯಲ್ಲಿ ಹೋದರೂ ಅದು ಹೊಟ್ಟೆಗೇ ತಾನೆ ಹೋಗುವುದು. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಪರೀಕ್ಷೆಯ ಪೆಟ್ಟಿಗೆ ಕೈಗಿಡಬೇಕು ಎಂದಾಯಿತು. ಇದು ನನಗೆ ಬಹಳ ಹಿಡಿಸಿದ ಏರ್ಪಾಡು. ಫ್ಲೋರೈಡು ಪರೀಕ್ಷೆಯ ಹನಿ ಹಾಕಿದರೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ, ಎಷ್ಟು ತಿರುಗಿತೋ ಅಷ್ಟು ಹೆಚ್ಚು. ಕ್ರಿಮಿಗೆ ಪುಟ್ಟ ಸೀಸೆ ಇದೆ, ನೀರು ತುಂಬಿ ಬೆಚ್ಚಗಿಟ್ಟು ಒಂದೆರಡು ದಿನ ಕಾದರೆ ಕೆಟ್ಟ ನೀರು ಕಪ್ಪಾಗುತ್ತದೆ. ಸೀರೆಯ ಬಣ್ಣದಲ್ಲಿ ನೂರು ನಮೂನೆ ಗುರುತಿಸುವವರಿಗೆ ಇದೇನು ಮಹಾ!

ಲೋಕದಲ್ಲಿ ನೀರು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ನಮ್ಮ ಪೂರ್ವದ ಗಡಿ ದಾಟಿದರೆ ಕೋಲಾರ. ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಅಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಆ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಬತ್ತಿದ ಬೋರುಗಳಿಗೆ ನೀರು ಬಂದದ್ದೂ ನಿಜ, ಇನ್ನೊಂದು ಹಂತ ಸೋಸಿ ಬಿಡಿ ಎಂದು ಜನ ಕೇಳಿದ್ದೂ ನಿಜ. ಅಲ್ಲಿಯೂ ಒಬ್ಬರು ‘ಎಷ್ಟು’ ಎಂದರು, ಇನ್ನೊಬ್ಬರು ‘ಎಂಥದ್ದು’ ಎಂದರು. ನಂದಗುಡಿಗೆ ಬೇರೆ ಅಳತೆಯ ಪರೀಕ್ಷೆ. 2006ರ ಸುಮಾರಿಗೆ ಬೆಂಗಳೂರಿನ ಸುತ್ತ ಐದು ಟೌನ್‌ಷಿಪ್ ಎಂದು ಪಟ್ಟಿ ಮಾಡಿದಾಗ ಬಿಡದಿ, ರಾಮನಗರ, ಸಾತನೂರು, ಸೋಲೂರಿನ ಜೊತೆ ನಮ್ಮ ಹೆಸರೂ ಇತ್ತು. ಆಗಿನಿಂದ ಇಲ್ಲಿ ನೆಲದ ಅಡಿಗೆ ಎಷ್ಟು ಎಂದು ಕೇಳುವವರು ವಾರಕ್ಕೊಬ್ಬರು ಬರುತ್ತಾರೆ. ಅಡಿಯ ಕೆಳಗೆ ಏನಿದೆ ಎಂದು ಕೇಳುವವರಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಬಿಸಿಲಿನಲ್ಲಿ ಬಂದವನಿಗೆ ಚಿಕ್ಕಮ್ಮ ಎರಡು ಲೋಟದಲ್ಲಿ ನೀರು ತಂದಿಟ್ಟರು. “ಒಂದು ಕ್ಯಾನಿಂದು, ಒಂದು ಬೋರಿಂದು. ಒಂದೊಂದು ಗುಟುಕು ಕುಡಿದು ಹೇಳು, ನೀನೇ ಅಲ್ವಾ ಟೆಸ್ಟ್ ಮಾಡ್ಸೋನು” ಅಂದರು. ಮೊದಲನೆಯದು ಸಪ್ಪೆ, ಏನೋ ಕಳೆದುಹೋದ ಹಾಗೆ. ಎರಡನೆಯದು ಗಂಟಲಿಗೆ ತಂಪಾಗಿ ಇಳಿಯಿತು. ಇದೇ ಚೆನ್ನಾಗಿದೆ ಎಂದು ಎರಡನೇ ಲೋಟ ತೋರಿಸಿದೆ. ಚಿಕ್ಕಮ್ಮ ಏನೂ ಹೇಳಲಿಲ್ಲ. ಆ ಲೋಟವನ್ನು ಎತ್ತಿಕೊಂಡು ಹೋಗಿ ಕರಿಬೇವಿನ ಗಿಡಕ್ಕೆ ಸುರಿದು, ಅಡುಗೆಮನೆಗೆ ನಡೆದರು.